ಮೊದಲು ಕಾವು, ಆಮೇಲೆ ಹಾಲು

ಮಾಗಿಯ ಚಳಿಯಲ್ಲಿ ತಬ್ಬಲಿ ನಾಯಿಮರಿಗಳನ್ನು ಎತ್ತಿಕೊಂಡು ಮನೆಗೆ ಬರುವ ಮಕ್ಕಳು ಇಂದಿಗೂ ಇದ್ದಾರೆ. ಅವರ ಕರುಣೆಯನ್ನು ನಾನು ಗೌರವಿಸುತ್ತೇನೆ. ಆದರೆ ಮರಿ ಬಂದೊಡನೆ ಹಾಲಿನ ಬಟ್ಟಲನ್ನು ಅರಸುವ ಹಿರಿಯರ ರೂಢಿಗೆ ನನ್ನ ಆಕ್ಷೇಪವಿದೆ. ಕಣ್ಣು ತೆರೆಯದ ಮರಿಗೆ ಮೊದಲು ಬೇಕಾದುದು ಹಾಲಲ್ಲ, ಕಾವು.

ನನ್ನ ಹಳೆಯ ವಿದ್ಯಾರ್ಥಿಗಳು ತರಗತಿಯ ಪಾಠವನ್ನು ನೆನೆಯಲಿ. ದೇಹ ಚಿಕ್ಕದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಅದರ ಮೇಲ್ಮೈ ಹೆಚ್ಚು. ಶಾಖದ ನಷ್ಟವೂ ಹೆಚ್ಚು. ಮೊದಲ ವಾರದಲ್ಲಿ ಮರಿಗೆ ನಡುಗಿ ಮೈ ಬಿಸಿಮಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಮೈ ತೀರ ತಣ್ಣಗಾದರೆ ಕರುಳಿನ ಚಲನೆ ಕುಂದುತ್ತದೆ. ಆಗ ಕುಡಿಸಿದ ಹಾಲು ಜೀರ್ಣವಾಗದು, ಶ್ವಾಸಕೋಶಕ್ಕೂ ಇಳಿದೀತು. ಹಸಿವಿಗೆ ಸಾಯದ ಮರಿ ನಮ್ಮ ಉಪಚಾರಕ್ಕೆ ಸಾಯುತ್ತದೆ.

ಕಾವುಪೆಟ್ಟಿಗೆಗೆ ಬೇಕಾದುದು ಅಲ್ಪ: ಗಾಳಿಗೆ ರಂಧ್ರ ಕೊರೆದ ರಟ್ಟಿನ ಪೆಟ್ಟಿಗೆ, ಹಳೆಯ ಹತ್ತಿಬಟ್ಟೆ, ಬಟ್ಟೆ ಸುತ್ತಿದ ಬಿಸಿನೀರಿನ ಚೀಲ, ಒಂದು ಉಷ್ಣಮಾಪಕ. ಮೊದಲ ವಾರ ಮರಿ ಮಲಗುವೆಡೆ 30ರಿಂದ 32 ಡಿಗ್ರಿ ಸೆಲ್ಸಿಯಸ್ ಇರಲಿ. ಮುಂದೆ ಕ್ರಮೇಣ 27ಕ್ಕೆ ಇಳಿಸಿರಿ. ಚೀಲ ಒಂದೇ ಬದಿಗಿರಬೇಕು. ಸೆಕೆಯಾದ ಮರಿ ತೆವಳಿ ಸರಿಯಲು ತಂಪಾದ ಮೂಲೆ ಬೇಡವೇ? ನೀರು ಆರಿದಂತೆಲ್ಲ ಬದಲಿಸಬೇಕು. ಹಿಂದೆ ಬಲ್ಬು ತೂಗುಹಾಕುತ್ತಿದ್ದರು. ಇಂದಿನ ಎಲ್‌ಇಡಿ ದೀಪ ಬೆಳಕನ್ನು ಕೊಟ್ಟೀತೇ ಹೊರತು ಸಾಕಷ್ಟು ಕಾವನ್ನಲ್ಲ. ಹಳೆಯ ತಂತಿಯ ಬಲ್ಬು ರಟ್ಟಿಗೆ ತಾಗಿದರೆ ಬೆಂಕಿಯ ಭಯ.

ಇದನ್ನು ಬಡವರ ಉಪಾಯವೆಂದು ನಗಬೇಕಾಗಿಲ್ಲ. 1880ರ ಸುಮಾರಿಗೆ ಪ್ಯಾರಿಸ್ಸಿನ ಪ್ರಸೂತಿತಜ್ಞ ತಾರ್ನಿಯೆ ಕೋಳಿಮೊಟ್ಟೆಗಳ ಕಾವುಪೆಟ್ಟಿಗೆಯನ್ನು ಕಂಡು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೂ ಅಂಥದನ್ನೇ ಮಾಡಿಸಿದರು. ಅದಕ್ಕೂ ಬಿಸಿನೀರೇ ಆಧಾರ. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುತ್ತಿದ್ದ ನಮ್ಮ ಅಜ್ಜಿಯರೂ ಈ ತತ್ತ್ವವನ್ನು ಅರಿತವರೇ.

ಮೈ ನಿಧಾನವಾಗಿ ಬೆಚ್ಚಗಾದ ಮೇಲೆ, ಪಶುವೈದ್ಯರು ಸೂಚಿಸಿದ ಹಾಲನ್ನು ಎರಡು ಮೂರು ಗಂಟೆಗೊಮ್ಮೆ ಕುಡಿಸಿರಿ. ಆಗ ಮರಿ ಅಂಗಾತವಾಗಿರದೆ ಹೊಟ್ಟೆಯ ಮೇಲೆ ಮಲಗಿರಲಿ. ಪ್ರತಿ ಸಲವೂ ಒದ್ದೆಬಟ್ಟೆಯಿಂದ ಹಿಂಭಾಗವನ್ನು ಮೆಲ್ಲನೆ ಒರೆಸಬೇಕು. ತಾಯಿ ನೆಕ್ಕದೆ ಮರಿಗೆ ಮಲಮೂತ್ರ ವಿಸರ್ಜನೆಯಾಗದು.

ಇಷ್ಟಾದರೂ ಯಾವ ಪೆಟ್ಟಿಗೆಯೂ ತಾಯಿಯ ಮಡಿಲಿಗೆ ಸಮನಲ್ಲ. ತಾಯಿ ಬದುಕಿರುವ ಸೂಚನೆಯಿದ್ದರೆ ಮರಿಯನ್ನು ಮುಟ್ಟದೆ ದೂರ ನಿಂತು ಕಾಯಿರಿ. ಅದು ಕೂಳು ಅರಸಿ ಹೋಗಿದ್ದೀತು. ಜೀವಿಗಳಲ್ಲಿ ದಯೆ ನಮ್ಮ ಸಂವಿಧಾನದ 51ಎ ವಿಧಿ ಹೇಳುವ ಕರ್ತವ್ಯ. ಅದನ್ನು ಮಕ್ಕಳಿಗೆ ತಿಳಿಸುವಾಗ, ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನೂ ದಯವಿಟ್ಟು ತಿಳಿಸಿರಿ.