ಎರಡು ವರ್ಷದ ನಂತರದ ಕಂತು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುತ್ತದೆ ಗಾದೆ. ಕೊಂಡ ಮನೆಯನ್ನು ಉಳಿಸಿಕೊಳ್ಳುವುದು ಅದಕ್ಕಿಂತಲೂ ಕಷ್ಟವೆಂಬುದನ್ನು ಅಮೆರಿಕದ ಲಕ್ಷಾಂತರ ಕುಟುಂಬಗಳು 2007ರ ನಂತರ ಅನುಭವಿಸಿ ತಿಳಿದವು.

ಆದಾಯ ಸಾಲದವರಿಗೆ, ಹಿಂದೆ ಕಂತು ತಪ್ಪಿಸಿದ್ದವರಿಗೆ ಹೆಚ್ಚಿನ ಬಡ್ಡಿಗೆ ಕೊಡುತ್ತಿದ್ದ ಗೃಹಸಾಲಕ್ಕೆ ಅಲ್ಲಿ ‘ಸಬ್‌ಪ್ರೈಮ್’ ಎಂದು ಹೆಸರು. ಅದರಲ್ಲಿ ಬಹಳ ಚಾಲ್ತಿಯಲ್ಲಿದ್ದ ಬಗೆ ‘2–28’. ಮೂವತ್ತು ವರ್ಷದ ಸಾಲದಲ್ಲಿ ಮೊದಲ 2 ವರ್ಷ ಬಡ್ಡಿ ಸ್ಥಿರ. ಉಳಿದ 28 ವರ್ಷ ಮಾರುಕಟ್ಟೆಯ ದರಕ್ಕೆ ತಕ್ಕಂತೆ ಏರಿಳಿತ.

ಒಂದು ಲೆಕ್ಕ ಹಾಕಿ ನೋಡಿ. 2 ಲಕ್ಷ ಡಾಲರ್ ಸಾಲಕ್ಕೆ ಶೇ. 7ರ ಬಡ್ಡಿಯಾದರೆ ತಿಂಗಳ ಕಂತು ಸುಮಾರು 1,330 ಡಾಲರ್. ಎರಡು ವರ್ಷ ತಪ್ಪದೆ ಕಟ್ಟಿದ ಸುಮಾರು 32,000 ಡಾಲರ್‌ನಲ್ಲಿ ಅಸಲಿಗೆ ಸಲ್ಲುವುದು 4,200 ಮಾತ್ರ! ಮೂರನೆಯ ವರ್ಷ ಬಡ್ಡಿ ಶೇ. 10ಕ್ಕೆ ಏರಿತೆನ್ನಿ, ಕಂತು ಸುಮಾರು 1,740 ಡಾಲರ್ ಆಗುತ್ತದೆ. ಸಂಬಳ ಮಾತ್ರ ಇದ್ದಷ್ಟೇ.

ಹಾಗಿದ್ದೂ ಜನ ಸಹಿ ಹಾಕಿದ್ದೇಕೆ? ಮನೆಗಳ ಬೆಲೆ ಏರುತ್ತಲೇ ಇತ್ತು. ಏರಿದ ಬೆಲೆಯ ಮೇಲೆ ಹೊಸ ಸಾಲ ಎತ್ತಿ ಹಳೆಯದನ್ನು ತೀರಿಸಬಹುದೆಂಬ ನಂಬಿಕೆ. ಸಾಲ ಕೊಟ್ಟವರಾದರೋ ಆ ಸಾಲಪತ್ರಗಳನ್ನು ಹೂಡಿಕೆದಾರರಿಗೆ ಮಾರಿ ಕೈತೊಳೆದುಕೊಳ್ಳುತ್ತಿದ್ದರು. ಸಾಲಗಾರನ ಶಕ್ತಿಯನ್ನು ಅಳೆಯುವ ಗೊಡವೆ ಅವರಿಗೇಕೆ?

ಫೆಡರಲ್ ರಿಸರ್ವ್ 2004ರ ಜೂನ್‌ನಿಂದ ಎರಡು ವರ್ಷದಲ್ಲಿ ತನ್ನ ಬಡ್ಡಿದರವನ್ನು ಶೇ. 1ರಿಂದ 5.25ಕ್ಕೆ ಏರಿಸಿತು. 2006ರಲ್ಲಿ ತುದಿ ಮುಟ್ಟಿದ ಮನೆಗಳ ಬೆಲೆ ಇಳಿಯತೊಡಗಿತು. ಲಾಸ್ ವೇಗಸ್‌ನಲ್ಲಿ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಮನೆಗಿಂತ ಸಾಲವೇ ದೊಡ್ಡದಾದ ಮೇಲೆ ಹೊಸ ಸಾಲ ಹುಟ್ಟದು, ಮನೆ ಮಾರಿದರೂ ಹಳೆಯ ಸಾಲ ತೀರದು. 2008ರ ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ದಿವಾಳಿಯಾಯಿತು. 2009ರ ಅಕ್ಟೋಬರ್ ಹೊತ್ತಿಗೆ ನಿರುದ್ಯೋಗ ಶೇ. 10ಕ್ಕೆ ತಲುಪಿತು. ಕಂತು ಏರಿದ ಎಷ್ಟೋ ಮನೆಗಳಲ್ಲಿ ಸಂಬಳವೂ ನಿಂತಿತು. ಕೊನೆಗೆ ಮನೆ ಹರಾಜಿಗೆ ಬಂತು.

ಬದಲಾಗುವ ಬಡ್ಡಿಯ ಸಾಲ ಭಾರತಕ್ಕೂ ಹೊಸದಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೋ ದರ ಶೇ. 4ರಿಂದ 6.5ಕ್ಕೆ ಏರಿದಾಗ ಇಲ್ಲಿಯ ಗೃಹಸಾಲಗಾರರಿಗೂ ಬಿಸಿ ತಟ್ಟಿತು. ಕೆಲವರ ಕಂತು ಹೆಚ್ಚಿತು, ಕೆಲವರ ಸಾಲದ ಅವಧಿ ಬೆಳೆಯಿತು.

ಸಹಿ ಹಾಕುವ ಮುನ್ನ ‘ಈಗ ಕಂತು ಎಷ್ಟು?’ ಎಂದು ಎಲ್ಲರೂ ಕೇಳುತ್ತಾರೆ. ‘ಬಡ್ಡಿ ಶೇ. 3ರಷ್ಟು ಏರಿದರೆ ಎಷ್ಟು? ಆರು ತಿಂಗಳು ಸಂಬಳ ಬಾರದಿದ್ದರೆ ಹೇಗೆ?’ ಎಂದೂ ಕೇಳಿಕೊಂಡವರು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬಲ್ಲರು.