ಹಾವು ಏಣಿ ಬೇಡ, ಚೌಕಾಬಾರ ಆಡೋಣ



ಕಾನೂನಿನ ಅರಿವು ಮೂಡಿಸ್ತೀವಿ ಅಂತ ಒಂದ್ಸಲ ನಮ್ಮ ಹಾಸ್ಟೆಲ್ಲಿಗೆ ಕೆಲವರು ಬಂದಿದ್ರು. ಭಾಷಣ ಮಾಡಲ್ಲ, ಆಟ ಆಡಿಸ್ತೀವಿ ಅಂದ್ರು. ನಮಗೂ ಖುಷಿಯಾಯ್ತು. ಹಾವು ಏಣಿ ಪಟ ಬಿಚ್ಚಿದ್ರು. 'ದೂರು ಕೊಟ್ಟೆ' ಅನ್ನೋ ಮನೇಲಿ ಏಣಿ. 'ಸುಮ್ಮನಿದ್ದೆ' ಅನ್ನೋ ಮನೇಲಿ ಹಾವು. ನಾನು ದಾಳ ಹಾಕಿದೆ, ಏಣಿ ಹತ್ತಿದೆ. ಇಪ್ಪತ್ತೇ ನಿಮಿಷದಲ್ಲಿ ನೂರನೇ ಮನೇಲಿ ನನಗೆ ನ್ಯಾಯ ಸಿಕ್ಕಿತು!

ನನಗೆ ನಮ್ಮಪ್ಪ ಹತ್ತಿದ ಏಣಿ ನೆನಪಾಯ್ತು. ಹೋಟೆಲ್ ಮುಂದೆ ಹತ್ತು ಜನರ ಎದುರು ಜಾತಿ ಹಿಡಿದು ಬೈದು ಕಪಾಳಕ್ಕೆ ಹೊಡೆದಿದ್ರು. ಅಪ್ಪ ಸ್ಟೇಷನ್ನಿಗೆ ಹೋದ, ಒಬ್ಬನೇ ಹೋದ. ಸಂಜೆತನಕ ಬೇವಿನ ಮರದಡಿ ಕೂರಿಸಿದ್ರು. ಆಮೇಲೆ ಬರೆದುಕೊಂಡ ಕಾಗದದಲ್ಲಿ ಬೈಗುಳ ಇರಲಿಲ್ಲ, ಜಾತಿ ಇರಲಿಲ್ಲ, ನೋಡಿದವರ ಹೆಸರಿರಲಿಲ್ಲ. 'ಬಾಯಿಮಾತಿನ ಜಗಳ' ಅಂತಿತ್ತು. ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡ್ರು. ಅಪ್ಪ ಸುಮ್ಮನಿರಲಿಲ್ಲ, ದೂರು ಕೊಟ್ಟಿದ್ದ. ಹಾವು ಕಚ್ಚಿದ್ದು ಏಣಿ ಇದ್ದ ಮನೆಯಲ್ಲೇ.

ಹಾವು ಏಣಿ ಈ ದೇಶದ ಹಳೇ ಆಟ. ಹಿಂದೆ ಅದನ್ನ ಕರ್ಮದ ಪಾಠ ಹೇಳೋಕೆ ಆಡಿಸ್ತಿದ್ರು. ಪುಣ್ಯ ಏಣಿ, ಪಾಪ ಹಾವು, ಮೇಲಿನ ಮನೇಲಿ ಮೋಕ್ಷ. ಬಿದ್ದರೆ ಬಿದ್ದವನದೇ ತಪ್ಪು. ಹಾವು ಬಿಟ್ಟವರು ಯಾರು ಅಂತ ಕೇಳೋ ಹಾಗಿಲ್ಲ. ದಾಳ ಬಿದ್ದಂತೆ ಹಣೆಬರಹ. ಆ ಪಟದ ಮೇಲೆ ಕಾನೂನು ಬರೆದರೆ ಕಾನೂನೂ ನಮಗೆ ಕರ್ಮದ ಹಾಗೇ ಕಾಣುತ್ತೆ.

ಹಾಗಂತ ಆಟವೇ ಬೇಡ ಅನ್ನೋನಲ್ಲ ನಾನು. ಅಮೆರಿಕದ ಲಿಜ್ಜಿ ಮಾಗಿ ಅನ್ನೋ ಹೆಣ್ಣುಮಗಳು ಭೂಮಾಲೀಕರು ಬಾಡಿಗೆಯಲ್ಲೇ ಜನರನ್ನ ಹೇಗೆ ಹಿಂಡ್ತಾರೆ ಅಂತ ತೋರಿಸೋಕೆ ಒಂದು ಆಟ ಮಾಡಿ 1904ರಲ್ಲಿ ಪೇಟೆಂಟ್ ಪಡೆದಳು. ಒಬ್ಬನೇ ಎಲ್ಲಾ ನುಂಗೋ ನಿಯಮ ಒಂದು, ಎಲ್ಲರೂ ಹಂಚಿಕೊಳ್ಳೋ ನಿಯಮ ಇನ್ನೊಂದು. 1935ರಲ್ಲಿ ಕಂಪನಿಯೊಂದು 500 ಡಾಲರಿಗೆ ಆ ಆಟದ ಹಕ್ಕು ಕೊಂಡಿತು. ನುಂಗೋ ಆಟ ಮಾತ್ರ 'ಮೊನಾಪೊಲಿ' ಆಗಿ ಲೋಕವೆಲ್ಲಾ ಹಬ್ಬಿತು. ಹಂಚಿಕೊಳ್ಳೋ ಆಟ ಮೂಲೆಗೆ ಬಿತ್ತು. ಅದಕ್ಕೇ ಹೇಳೋದು, ನಮ್ಮ ಆಟದ ನಿಯಮ ನಾವೇ ಬರೀಬೇಕು.

ನಮಗೆ ಚೌಕಾಬಾರ ಇದೆ. ನಮ್ಮವ್ವಂದಿರು ಜಗುಲಿ ಮೇಲೆ ಇದ್ದಿಲಲ್ಲಿ ಮನೆ ಬರೆದು ಹುಣಸೆಬೀಜ ಹಾಕಿ ಆಡೋ ಆಟ. ಬೀಜ ಎಷ್ಟು ಬಿತ್ತು ಅನ್ನೋದು ಅದೃಷ್ಟ, ಆದರೆ ಯಾವ ಕಾಯಿ ನಡೆಸಬೇಕು ಅನ್ನೋದು ನಮ್ಮ ಬುದ್ಧಿ. ಒಂಟಿ ಕಾಯನ್ನ ಕಡೀತಾರೆ. ಎರಡು ಕಾಯಿ ಸೇರಿ ಗಟ್ಟಿಯಾದ್ರೆ ಒಂಟಿ ಕಾಯಿ ಬಂದು ಕಡಿಯೋಕಾಗಲ್ಲ.

ಇದರ ಮೇಲೆ 1989ರ ದೌರ್ಜನ್ಯ ತಡೆ ಕಾಯಿದೆ ಹೂಡೋಣ. ಮೊದಲ ಮನೆ ದೂರು. ಎಲ್ಲಿ ನಡೀತು, ಯಾರ ಎದುರು, ಯಾವ ಮಾತು, ಇಬ್ಬರ ಜಾತಿ ಏನು, ನಾಲ್ಕೂ ಹೇಳಿದರೆ ಮಾತ್ರ ಕಾಯಿ ಏಳಬೇಕು. ಯಾಕಂದ್ರೆ ಜಾತಿನಿಂದನೆ ಕಲಮಿಗೆ ಸಾರ್ವಜನಿಕರ ಕಣ್ಣೆದುರು ನಡೆದಿರಬೇಕು. ಹೊರಗಿನವರಿಲ್ಲದೆ ಮನೆಯ ನಾಲ್ಕು ಗೋಡೆಯೊಳಗೆ ಆಡಿದ ಮಾತು ಈ ಕಲಮಿಗೆ ಬರಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪ್ಪನ ಕಾಗದದಲ್ಲಿ ಬಿಟ್ಟುಹೋದದ್ದು ಇದೇ.

ಎರಡನೇ ಮನೆ ಸ್ಟೇಷನ್. ನಮ್ಮಲ್ಲೇ ಒಬ್ಬ ಎಸ್.ಐ. ಆಗಲಿ. 'ಮೊದಲು ವಿಚಾರಣೆ ಮಾಡ್ತೀವಿ, ಆಮೇಲೆ ಎಫ್.ಐ.ಆರ್.' ಅನ್ನಲಿ. ಎಫ್.ಐ.ಆರ್.ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅನ್ನುತ್ತೆ 2018ರಲ್ಲಿ ಸೇರಿದ 18ಎ ಕಲಂ. 'ನಾಳೆ ಬಾ' ಅನ್ನಲಿ. ಬಾಯಲ್ಲಿ ಹೇಳಿದ್ದನ್ನ ಬರೆದುಕೊಂಡು, ಓದಿ ಹೇಳಿ, ನಕಲನ್ನ ಪುಕ್ಕಟೆ ಕೊಡಬೇಕು ಅನ್ನೋದು 1995ರ ನಿಯಮ. ಒಪ್ಪದಿದ್ರೆ ಎಸ್.ಪಿ.ಗೆ ಟಪಾಲು. ಬೇಕಂತಲೇ ಕರ್ತವ್ಯ ಬಿಟ್ಟ, ಪರಿಶಿಷ್ಟ ಜಾತಿ ಪಂಗಡಕ್ಕೆ ಸೇರದ ಅಧಿಕಾರಿಗೆ 4ನೇ ಕಲಮಿನಲ್ಲಿ ಆರು ತಿಂಗಳಿಂದ ಒಂದು ವರ್ಷ ಜೈಲು. ಆದರೆ ಅದಕ್ಕೆ ಇಲಾಖೆಯ ವಿಚಾರಣೆ ಶಿಫಾರಸು ಮಾಡಬೇಕು. ಆ ತೊಡಕನ್ನೂ ಪಟದ ಮೇಲೆ ಬರೀರಿ, ಮುಚ್ಚಿಡಬೇಡಿ.

ಮುಂದಿನ ಮನೆಗಳು ನಿಮಗೇ ಗೊತ್ತು. ಕೌಂಟರ್ ಕೇಸು, ರಾಜಿ ಪಂಚಾಯ್ತಿ, ಕೂಲಿಗೆ ಕರೆಯದೇ ಇರೋದು. ಬಹಿಷ್ಕಾರ ಹಾಕೋದೇ ಈ ಕಾಯಿದೆಯಲ್ಲಿ ಅಪರಾಧ ಅನ್ನೋದು 2016ರಿಂದ ಜಾರಿಯಲ್ಲಿದೆ. ಇದು ಎಷ್ಟು ಕೇರಿಗೆ ಗೊತ್ತು? ಚಾರ್ಜ್‌ಶೀಟಿಗೆ 60 ದಿನ ಅನ್ನುತ್ತೆ ನಿಯಮ. ಆ ಮನೇಲಿ ಕಾಯಿ ಸುಮ್ಮನೆ ಕೂತಿರಲಿ, ಕಾಯೋದು ಏನು ಅಂತ ಗೊತ್ತಾಗಲಿ. ಮಹಾಡದ ಕೆರೆ ನೀರಿಗೆ ಬಾಬಾಸಾಹೇಬರು ಹೋರಾಟಕ್ಕಿಳಿದದ್ದು 1927ರಲ್ಲಿ, ಬಾಂಬೆ ಹೈಕೋರ್ಟಿನ ತೀರ್ಪು ಬಂದದ್ದು 1937ರಲ್ಲಿ.

ಇಷ್ಟೆಲ್ಲಾ ತೋರಿಸಿದ್ರೆ ಜನ ಹೆದರಿ ಸ್ಟೇಷನ್ನಿಗೇ ಹೋಗಲ್ಲ ಅಂತ ಕೆಲವು ಗೆಳೆಯರು ಹೇಳ್ತಾರೆ. ನಾನು ಒಪ್ಪಲ್ಲ. ಏನೂ ಗೊತ್ತಿಲ್ಲದೆ ಹೋಗಿ ಬಿದ್ದ ನಮ್ಮಪ್ಪ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಹಾವಿರೋ ಹಾದಿ ಗೊತ್ತಿದ್ದೋನು ಕೋಲು ಹಿಡಿದು ಹೋಗ್ತಾನೆ.

ರಜಕ್ಕೆ ಊರಿಗೆ ಹೋಗ್ತೀರಲ್ಲ, ಯಾರ ಗ್ರಾಂಟಿಗೂ ಕಾಯಬೇಡಿ. ಒಂದು ಚೂರು ಇದ್ದಿಲು, ನಾಲ್ಕು ಹುಣಸೆಬೀಜ ಸಾಕು. ಕೇರಿಯ ಜಗುಲಿ ಮೇಲೆ ಮನೆ ಬರೀರಿ. ಎಸ್.ಐ. ಪಾತ್ರ ನಿಮ್ಮಜ್ಜಿಗೆ ಕೊಡಿ. ಎಷ್ಟು ಚೆನ್ನಾಗಿ ಗದರಿಸ್ತಾಳೆ ನೋಡಿ, ಅವಳು ಕೇಳಿಸಿಕೊಂಡದ್ದೇ ಅದನ್ನ. ಆಮೇಲೆ ಜಾಗ ಬದಲಾಯಿಸಿ, ಅವಳೇ ಎದುರು ನಿಂತು ಉತ್ತರ ಹೇಳಲಿ.

ಅಪ್ಪನ ಜೊತೆ ಅವತ್ತು ಇನ್ನೊಂದು ಕಾಯಿ ಇರಲಿಲ್ಲ. ಇನ್ನು ನಮ್ಮ ಕೇರಿಯಿಂದ ಯಾರೂ ಒಂಟಿ ಕಾಯಾಗಿ ಆ ಮೆಟ್ಟಿಲು ಹತ್ತಬಾರದು.