ಸುದ್ದಿ ಕೇಳಿದವನೂ ಹೊಣೆಗಾರನೇ

ಬೆಂಗಳೂರಿನ ಬಿಟಿಎಂ ಲೇಔಟ್‌ನಿಂದ ಬನಶಂಕರಿಯವರೆಗೆ ಐಟಿ ಕಂಪನಿಯ ನೌಕರರೋ, ಲೆಕ್ಕಪರಿಶೋಧಕರೋ, ಅವರ ನೆಂಟರೋ ಇಲ್ಲದ ಬೀದಿ ಅಪರೂಪ. ಕಂಪನಿಯ ತ್ರೈಮಾಸಿಕ ಫಲಿತಾಂಶವೋ ದೊಡ್ಡ ಗುತ್ತಿಗೆಯೋ ಪ್ರಕಟವಾಗುವ ಮೊದಲೇ ಮಾತಿನ ನಡುವೆ ಬಾಯಿಬಿಡುವುದು ಇಲ್ಲಿ ಸುಲಭ. ಅದನ್ನು ಕೇಳಿ ಷೇರು ಕೊಂಡವರು 'ನಾನು ಆ ಕಂಪನಿಯವನಲ್ಲ, ಕಾನೂನು ನನ್ನನ್ನೇನು ಮಾಡೀತು' ಎಂದು ನಂಬಿರುತ್ತಾರೆ. ಆ ನಂಬಿಕೆ ತಪ್ಪು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2015ರ ನಿಯಮಗಳ ಪ್ರಕಾರ, ಷೇರಿನ ಬೆಲೆಯನ್ನು ಅಲುಗಿಸಬಲ್ಲ ಅಪ್ರಕಟಿತ ಮಾಹಿತಿ ಯಾರ ಬಳಿ ಇದೆಯೋ ಅವರೆಲ್ಲ ಒಳಗಿನವರೇ; ಅದು ಅವರಿಗೆ ಯಾವ ದಾರಿಯಲ್ಲಿ ಬಂತೆಂಬುದು ಮುಖ್ಯವಲ್ಲ. ಅಮೆರಿಕದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ನ 1983ರ ಡರ್ಕ್ಸ್ ತೀರ್ಪಿನ ನಂತರ, ಸುದ್ದಿ ಕೊಟ್ಟವನಿಗೆ ಅದರಿಂದ ಸ್ವಂತ ಲಾಭವಿತ್ತೇ ಎಂದು ನೋಡುತ್ತಾರೆ. ನಮ್ಮ ನಿಯಮ ಅದನ್ನು ಕೇಳುವುದಿಲ್ಲ. ಸೆಬಿ ಕಾಯ್ದೆಯ 15ಜಿ ಕಲಂ ಹೇಳುವ ದಂಡ ಕನಿಷ್ಠ 10 ಲಕ್ಷ ರೂಪಾಯಿ. ಗರಿಷ್ಠ 25 ಕೋಟಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅದು. ಕ್ರಿಮಿನಲ್ ಮೊಕದ್ದಮೆಯಾದರೆ 10 ವರ್ಷದವರೆಗೆ ಜೈಲೂ ಇದೆ.

'ಕಾಗದದ ಮೇಲೆ ಸರಿ, ಯಾರಿಗೆ ಶಿಕ್ಷೆಯಾಗಿದೆ?' ಎನ್ನುವವರಿದ್ದಾರೆ. ಅವರ ಪ್ರಶ್ನೆಗೆ ಆಧಾರವಿಲ್ಲದಿಲ್ಲ. ವಿಪ್ರೋ, ಮೈಂಡ್‌ಟ್ರೀ ಮುಂತಾದ ಕಂಪನಿಗಳ ಫಲಿತಾಂಶಗಳು ವಾಟ್ಸ್‌ಆ್ಯಪ್‌ನಲ್ಲಿ ಮೊದಲೇ ಹರಿದಾಡಿದ ಪ್ರಕರಣದಲ್ಲಿ ಸೆಬಿ 2020ರಲ್ಲಿ ದಂಡ ಹಾಕಿತು. ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ಅದನ್ನು ರದ್ದುಮಾಡಿತು. ಇನ್ಫೋಸಿಸ್‌ನ 2020ರ ಜೂನ್ ತ್ರೈಮಾಸಿಕದ ಫಲಿತಾಂಶಕ್ಕೆ ಸಂಬಂಧಿಸಿ ಸೆಬಿ 2021ರಲ್ಲಿ ಮಧ್ಯಂತರ ಆದೇಶ ಹೊರಡಿಸಿ ಮೂರು ಕೋಟಿಗೂ ಮಿಕ್ಕ ಹಣವನ್ನು ತಡೆಹಿಡಿಯಿತು; 2024ರಲ್ಲಿ ಆರೋಪ ಕೈಬಿಟ್ಟಿತು. ಆದರೆ ಈ ಆದೇಶಗಳನ್ನು ಪರವಾನಗಿಯಂತೆ ಓದಬಾರದು. ವಾಟ್ಸ್‌ಆ್ಯಪ್ ಪ್ರಕರಣದಲ್ಲಿದ್ದವರ ಮೇಲಿದ್ದದ್ದು ಸಂದೇಶ ಹಂಚಿದ ಆರೋಪ. ಅದು ಒಳಗಿನ ಮಾಹಿತಿ ಎಂದು ಅವರಿಗೆ ಗೊತ್ತಿತ್ತು ಎಂಬುದು ಸಾಬೀತಾಗಲಿಲ್ಲ. ಊರೂರು ಸುತ್ತಿದ ಗಾಳಿಸುದ್ದಿಗೂ, ಕಂಪನಿಯ ಲೆಕ್ಕ ಬರೆಯುವ ಭಾವಮೈದುನ ಹೇಳಿದ ಅಂಕಿಗೂ ವ್ಯತ್ಯಾಸವಿದೆ. ಎರಡನೆಯದನ್ನು ಕೇಳಿ ಕೊಂಡವನಿಗೆ 'ಗೊತ್ತಿರಲಿಲ್ಲ' ಎನ್ನುವ ಅವಕಾಶವೇ ಇಲ್ಲ. ಪ್ಯಾನ್, ಡಿಮ್ಯಾಟ್ ಖಾತೆ, ಫೋನ್ ಕರೆಗಳ ದಾಖಲೆ ಎಲ್ಲವೂ ಉಳಿದಿರುತ್ತವೆ. ಕೊನೆಗೆ ಖುಲಾಸೆಯಾದರೂ ನಡುವಿನ ವರ್ಷಗಳನ್ನು ಯಾರೂ ಹಿಂತಿರುಗಿಸುವುದಿಲ್ಲ.

'ಇದರಿಂದ ಯಾರಿಗೂ ನಷ್ಟವಿಲ್ಲ' ಎಂಬ ವಾದವನ್ನಂತೂ ನಾನು ಒಪ್ಪಲಾರೆ. ಕೆಟ್ಟ ಫಲಿತಾಂಶ ಮೊದಲೇ ತಿಳಿದು ನೀವು ಮಾರಿದ ಷೇರನ್ನು ಕೊಂಡವರು ಜಯನಗರದ ನಿವೃತ್ತ ಮೇಷ್ಟರೇ ಇರಬಹುದು, ಪಿಂಚಣಿಯ ದುಡ್ಡಿನಿಂದ. ನೀವು ತಪ್ಪಿಸಿಕೊಂಡ ನಷ್ಟ ಅವರ ತಲೆಗೆ ಬಿತ್ತು. ಫಲಿತಾಂಶ ಹೊರಬಿದ್ದು 48 ಗಂಟೆ ಕಳೆಯುವವರೆಗೆ ಇಂಥ ಮಾಹಿತಿ ಸಿಗುವವರೆಂದು ಕಂಪನಿ ಗುರುತಿಸಿದ ನೌಕರರು ಅದರ ಷೇರು ಮುಟ್ಟುವಂತಿಲ್ಲ. ಅಂಥವರ ಮಾತು ಕಿವಿಗೆ ಬಿದ್ದವರು ತಾವೂ ಅದೇ ಗಡುವನ್ನು ಪಾಲಿಸಲಿ: ಅಲ್ಲಿಯವರೆಗೆ ಕೊಳ್ಳಬೇಡಿ, ಮಾರಬೇಡಿ, ಆ ಮಾತನ್ನು ಇನ್ನೊಬ್ಬರಿಗೆ ದಾಟಿಸಬೇಡಿ.